ಶೈಲಾಳ ಕರಡಿಗೆ

ಜುಲೈ 8, ಮಂಗಳವಾರ. ಸಂಜೆ 7.
ಏಳಾದರೂ ಬಿಸಿಲು ಹೋಗಿಲ್ಲ. ಬೆಳಿಗ್ಗೆ ಮಾತ್ರ ಏಳರವರೆಗೂ ಕತ್ತಲೆ. ಸಿಂಗಾಪುರದಲ್ಲಿ ಹೀಗೇ ಅಂತೆ. ತಂಗಿ ಶೈಲಾಳ ಮಗಳು ದಾನೇಶ್ವರಿಯನ್ನು ಕತ್ತಲಲ್ಲೇ ಶಾಲೆಗೆ ಬಿಟ್ಟು ಬಂದೆ. ಅನ್ನ, ಬೇಳೆಸಾರು. ಶೈಲಾಳ ಸೀರೆ ಮಡಚಿಟ್ಟೆ. ಒಗೆದ ಬಟ್ಟೆಯನ್ನು ಕೋಲಿಗೆ ಹಾಕಿ ಹದಿನಾಲ್ಕನೇ ಮಹಡಿಯ ಕಿಟಕಿಯಿಂದ ಹೊರಗೆ ಚಾಚಬೇಕು. ತಂಗಿ ಇಲ್ಲಿ ಇಷ್ಟು ವರ್ಷ ಹೀಗೇ ಚಾಚಿದಳು. ಒಮ್ಮೆಯೂ ಬಂದು ನೋಡಲಿಲ್ಲ ನಾನು. ಮೇ ತಿಂಗಳಲ್ಲಿ ಅವಳು ತೀರಿಹೋದಾಗ ಪಾಸ್‌ಪೋರ್ಟ್ ಕೂಡ ಇರಲಿಲ್ಲ. ಈಗ ಬಂದಿದ್ದೇನೆ, ಅವಳ ಮಗಳಿಗೆ ಅನ್ನ ಹಾಕಲು. ಶೈಲಾಳ ಗಂಡ ಸತೀಶಕುಮಾರನ ಅವ್ವ ವಿಜಯಪುರದಿಂದ ಬರುವವರೆಗೆ, ಒಂದು ತಿಂಗಳು.

ಜುಲೈ 11
ತಿಕೋಟಾದಿಂದ ಅವ್ವನ ಫೋನ್.
"ಮಗಳ ಮಾರಿ ಅಂತೂ ನೋಡಲಿಲ್ಲ. ಆಕಿ ಲಿಂಗನರ ತಗೊಂಡ ಬಾ ಬೇ. ನಿಮ್ಮಪ್ಪನ ಬಾಜೂಕ ಮಣ್ಣಿಗಿ ಇಡೂಣು."
ನಮ್ಮಲ್ಲಿ ಸತ್ತವರ ಕೈಯಲ್ಲಿ ಅವರ ಇಷ್ಟಲಿಂಗ ಇಟ್ಟೇ ಹೂಳುವುದು. ಶೈಲಾಳನ್ನು ಇಲ್ಲಿ ಸುಟ್ಟಿದ್ದಾರೆ. ಸತೀಶ ತಲೆ ತಗ್ಗಿಸಿಯೇ ಹೇಳಿದ — "ಕಲ್ಲು, ಬೆಳ್ಳಿ ಏನೂ ಇಡಬಾರ್ದು ಅಂದ್ರು ಅಕ್ಕಾರ. ತಗದು ನನ್ನ ಕೈಯಾಗ ಕೊಟ್ರು. ಹೂಳಾಕ ಬರ್ತೈತೇನು ಅಂತ ಕೇಳೂದೂ ನನಗ ತಿಳೀಲಿಲ್ಲ. ಒಬ್ಬನ ಇದ್ದೆ."
ಬೈಯಬೇಕೆಂದಿದ್ದೆ. ಚಹಾ ಮಾಡಿಕೊಟ್ಟೆ.

ಜುಲೈ 13, ಭಾನುವಾರ
ಲಿಂಗ ಎಲ್ಲಿದೆ ಎಂದು ಇವತ್ತು ಗೊತ್ತಾಯಿತು. ದಾನೇಶ್ವರಿಯ ಪೆನ್ಸಿಲ್ ಬಾಕ್ಸ್‌ನಲ್ಲಿ — ರಬ್ಬರ್, ಸ್ಕೇಲಿನ ಜೊತೆ ಲಿಂಗ ಇಡುವ ಬೆಳ್ಳಿಯ ಕರಡಿಗೆ. ಎದ್ದು ಮುಖ ತೊಳೆದವಳೇ ಲಿಂಗ ತೆಗೆದು ಎಡ ಅಂಗೈಯಲ್ಲಿಟ್ಟುಕೊಂಡು ಕುಳಿತಳು. ವಿಭೂತಿ ಇಲ್ಲ, ಮಂತ್ರ ಇಲ್ಲ. ಒಂಬತ್ತು ವರ್ಷದ ಮಗು. ದೀಕ್ಷೆಯೂ ಆಗಿಲ್ಲ.
"ಏನ ಬೇಡ್ಕೋತಿ?" ಎಂದೆ.
"ಬೇಡ್ಕೊಳ್ಳೂದಲ್ಲ ದೊಡ್ಡವ್ವ. ಸುಮ್ನ ನೋಡೂದು. ಮಮ್ಮಿ ಹಂಗ ಮಾಡ್ತಿದ್ಲು." ಸ್ವಲ್ಪ ಹೊತ್ತಿಗೆ, "ನೀ ಡಿಸ್ಟರ್ಬ್ ಮಾಡಿದಿ. ಈಗ ಮತ್ತ ಮೊದಲಿಂದ."
ಒಳಗೆ ಹೋದೆ.

ಜುಲೈ 19
ದಾನೇಶ್ವರಿಯೇ ಊರು ತೋರಿಸಲು ಕರೆದುಕೊಂಡು ಹೋದಳು. ನೆಲದ ಕೆಳಗೆ ರೈಲು, ಇಳಿಯಲು ತಾನಾಗಿ ಚಲಿಸುವ ಮೆಟ್ಟಿಲು. ಅಷ್ಟು ಜನ, ಒಬ್ಬರೂ ಮಾತಾಡುವುದಿಲ್ಲ. ಎಲ್ಲರ ಕಣ್ಣೂ ಮೊಬೈಲಿನಲ್ಲಿ. ಧೂಳು ಹುಡುಕಿದರೂ ಸಿಗದು.
"ಎಡಕ್ಕ ನಿಂದ್ರು ದೊಡ್ಡವ್ವ! ಬಲಕ್ಕ ಅರ್ಜೆಂಟ್ ಇದ್ದೋರಿಗೆ. ತಿಕೋಟಾದಾಗ ಇಂಥಾ ಮೆಟ್ಟಲ ಇಲ್ಲೇನು?"
"ನಮ್ಮಲ್ಲಿ ಮೆಟ್ಟಲ ನಿಂತಿರ್ತಾವ, ಮಂದಿ ಓಡಾಡ್ತಾರ."
ನಕ್ಕಳು. ನಾನು ಬಂದಮೇಲೆ ಇದೇ ಮೊದಲು... ಶೈಲಾಳದೇ ನಗು. ಸಮುದ್ರದ ದಂಡೆಯಲ್ಲಿ ಗಾಜಿನ ಕಟ್ಟಡಗಳು, ದೀಪ. ಚೆನ್ನಾಗಿತ್ತು. ಚೆನ್ನಾಗಿದೆ ಅನಿಸಿದ್ದಕ್ಕೇ ಸಂಕಟವಾಯಿತು.
ದೊಡ್ಡ ಅಂಗಡಿಯಲ್ಲಿ ಒಣದ್ರಾಕ್ಷಿ ಪೊಟ್ಟಣ. ಊರಿನ ದ್ರಾಕ್ಷಿ ಒಣಗಿಸುವ ಶೆಡ್‌ನಲ್ಲಿ ಮಾಡಿದಂತೆ ಕೈ ತಾನಾಗಿ ಬೆಳಕಿಗೆ ಹಿಡಿದು ನೋಡಿತು. ನಮ್ಮದಲ್ಲ. ತೊಟ್ಟೂ ಬಿಡಿಸಿರಲಿಲ್ಲ ಸರಿಯಾಗಿ.

ಜುಲೈ 27
ಅವ್ವ ದಿನಾ ಕೇಳುತ್ತಾಳೆ. ಇವತ್ತು ಬಾಯಿಬಿಟ್ಟೆ.
"ದಾನೀ, ಅದು ಊರಾಗಿನ ಆಯಿಗೆ, ನಮ್ಮವ್ವಗ, ಬೇಕಂತ. ಮಮ್ಮಿ ಹೆಸರ್ಲೆ ಮಣ್ಣಾಗ ಇಡಬೇಕಂತ."
"ಇಟ್ರ ಮತ್ತ ತಗೀತಾರ?"
"ಇಲ್ಲ."
ಬಾಕ್ಸ್ ಮುಚ್ಚಿ ಹೋಂವರ್ಕಿಗೆ ಕುಳಿತಳು. ಬೇಡ, ನಿನ್ನ ಹತ್ತಿರವೇ ಇರಲಿ ಅನ್ನಬಹುದಿತ್ತು. ಸತೀಶನೂ ಏನೂ ಅನ್ನಲಿಲ್ಲ. ಪದ್ಧತಿಯ ಮುಂದೆ ನಾವಿಬ್ಬರೂ ಬಾಯಿಲ್ಲದವರು.

ಜುಲೈ 31. ಬೆಳಿಗ್ಗೆ
ಸತೀಶನ ಅವ್ವ ನಿನ್ನೆ ಬಂದರು, ನಾನು ಇವತ್ತು ಹೊರಡುವುದು. ನನ್ನ ಬ್ಯಾಗಿನ ಮೇಲೆ ಕರಡಿಗೆ. ದಾನೇಶ್ವರಿ ತಾನೇ ಇಟ್ಟು ಶಾಲೆಗೆ ಹೋಗಿದ್ದಾಳೆ. ಹೋಗುವಾಗ ಟಾಟಾ ಮಾಡಲಿಲ್ಲ.
ತೆಗೆದುಕೊಂಡೆ.

ಆಗಸ್ಟ್ 2, ತಿಕೋಟಾ
ವಿಜಯಪುರದಲ್ಲಿ ರೈಲಿಳಿದು, ಸ್ಟೇಷನ್ ರಸ್ತೆಯಲ್ಲಿ ಚಹಾ ಕುಡಿದು, ಬಸ್ಸು ಹತ್ತಿದೆ. ಬಸ್ಸು ತುಂಬ ಮಾತು. ಪಕ್ಕದ ಹೆಂಗಸು ಬಿಡಲಿಲ್ಲ.
"ಎಲ್ಲಿಂದ ಬಂದ್ರಿ ಯವ್ವಾ? ಇಷ್ಟ್ ದೊಡ್ಡ ಬ್ಯಾಗು!"
"ತಂಗಿ ಮನಿಗಿ ಹೋಗಿದ್ದೆ."
"ಚೊಲೋ ಅದಾಳಿಲ್ಲೊ ತಂಗಿ?"
ಹೂಂ ಅಂದೆ. ಅಷ್ಟು ಜನರ ನಡುವೆ ಮತ್ತೇನು ಹೇಳುವುದು.
ಅವ್ವ ಕರಡಿಗೆಯನ್ನು ಎದೆಗೆ ಒತ್ತಿಕೊಂಡು ಪಡಸಾಲೆಯಲ್ಲೇ ಕುಳಿತಳು. ಊಟಕ್ಕೂ ಏಳಲಿಲ್ಲ.

ಆಗಸ್ಟ್ 10, ಭಾನುವಾರ. ಸಂಜೆ 5.
ಬಬಲೇಶ್ವರದಿಂದ ತಮ್ಮ ಸಿದ್ದರಾಮ ಬಂದಿದ್ದಾನೆ. ತೋಟದಲ್ಲಿ ಅಪ್ಪನ ಸಮಾಧಿ ಪಕ್ಕ ಕುಣಿ ತೆಗೆದಾಯಿತು. ಸಣ್ಣದು. ನೆಂಟರಿಗೆಲ್ಲ ಹೇಳಿಯಾಗಿದೆ. ಅವ್ವ ಎರಡು ದಿನದಿಂದ ಸರಿಯಾಗಿ ಊಟ ಮಾಡುತ್ತಿದ್ದಾಳೆ, ಶೈಲಾ ಹೋದಮೇಲೆ ಮೊದಲ ಸಲ.
ನಾಲ್ಕಕ್ಕೆ ವಿಡಿಯೋ ಕಾಲ್. ದಾನೇಶ್ವರಿ. ಸೊರಗಿದ್ದಾಳೆ.
"ದೊಡ್ಡವ್ವ, ಇಟ್ರಿ ಏನು ಮಣ್ಣಾಗ?"
"ಇನ್ನಾ ಇಲ್ಲ."
"ಹಂಗಾರ ಇನ್ನೂ ಐತಿ."
"ಐತಿ."
ಮುಖವನ್ನು ಫೋನಿಗೆ ಹತ್ತಿರ ತಂದಳು. ನಿನಗೇ ಬೇಕೇನು ಎಂದು ನಾನು ಕೇಳಲಿ ಅಂತ ಕಾದಳು ಅನಿಸಿತು... ನೆಟ್ ಹೋಯಿತು ಎಂದು ಸುಳ್ಳು ಹೇಳಿ ಇಟ್ಟುಬಿಟ್ಟೆ.
ಅವ್ವ ಒಳಗಿನಿಂದ — "ಏನಂತೈತಿ ಕೂಸು?"
"ಏನಿಲ್ಲ ಬೇ. ಆರಾಮ ಐತಿ."
ಕರಡಿಗೆ ದೇವರ ಜಗಲಿಯ ಮೇಲಿದೆ. ಅವ್ವ ಹುಣಸೆಹಣ್ಣು ಹಚ್ಚಿ ತಿಕ್ಕಿದ್ದಾಳೆ, ಹೊಳೆಯುತ್ತಿದೆ.
ನಾಳೆ ಶ್ರಾವಣ ಸೋಮವಾರ. ಲಿಂಗ ಮಣ್ಣಿಗಿಡಲು ಸ್ವಾಮಿಗಳು ಹತ್ತಕ್ಕೆ ಬರುತ್ತಾರೆ.