ಹಬ್ಬದ ಜರ್ಸಿಗೆ ಹಚ್ಚಿದ ಅರಿಶಿನ

ಅತ್ತೆ,

ಕ್ಷೇಮವೇ ಎಂದು ನಿಮ್ಮನ್ನು ಕೇಳುವ ಹಾಗಿಲ್ಲ. ಕೇಳದೆ ಶುರು ಮಾಡಿದರೆ "ದೊಡ್ಡವರಿಗೆ ಕಾಗದ ಬರೆಯೋ ರೀತಿನಾ ಇದು?" ಎನ್ನುತ್ತೀರಿ. ಆದ್ದರಿಂದ ನಾವಿಲ್ಲಿ ಚೆನ್ನಾಗಿದ್ದೇವೆ, ನಿಮ್ಮ ಮಗ ಸ್ವಲ್ಪ ದಪ್ಪಗಾಗಿದ್ದಾರೆ ಎಂದಷ್ಟು ತಿಳಿದುಕೊಳ್ಳಿ. ನೀವು ಹೋಗಿ ವರ್ಷ ತುಂಬಿತು. ನಿಮ್ಮನ್ನು ಒಂದು ಮಾತು ಕೇಳಬೇಕೆಂದು ಇಟ್ಟುಕೊಂಡಿದ್ದೆ. ಎದುರು ಕೂತು ಕೇಳುವ ಧೈರ್ಯ ಬರುವಷ್ಟರಲ್ಲಿ ನೀವೇ... ಇರಲಿ, ಇಲ್ಲೇ ಕೇಳಿಬಿಡುತ್ತೇನೆ. ಆ ಬೆಳಿಗ್ಗೆ ನನ್ನ ಜರ್ಸಿಗೆ ಅರಿಶಿನ ಹಚ್ಚಿದ್ದು ನನಗೆ ಒಳ್ಳೆಯದಾಗಲಿ ಎಂದೋ, ನನ್ನ ಕೆಲಸ ಕೆಡಲಿ ಎಂದೋ?

ಸಿಡ್ನಿಯ ಹೊರವಲಯದ ಗಿರಾವೀನ್‌ನಲ್ಲಿರುವ ನಮ್ಮ ಮನೆಗೆ ನೀವು ಬಂದ ಮೊದಲ ದಿನ ನೆನಪಿದೆಯೇ? ಫ್ರಿಜ್ಜಿನಿಂದ ಹಾಲು ತೆಗೆದು ಮೂಸಿದಿರಿ, ಕಾಯಿಸಿದಿರಿ, ಸರಿಯಾಗಿ ಕೆನೆ ಕಟ್ಟದ್ದನ್ನು ನೋಡಿ "ಬೆಳ್ಳಗಿರೋದೆಲ್ಲ ಹಾಲಲ್ಲ ಕಣಮ್ಮ" ಎಂದು ತೀರ್ಪು ಕೊಟ್ಟಿರಿ. ಪಕ್ಕದ ಟೂಂಗಾಬಿಯ ಅಂಗಡಿಯಲ್ಲಿ ತೊಗರಿಬೇಳೆಯ ಪ್ಯಾಕೆಟ್ಟನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಿರಿ. ಪಕ್ಕದ ಮನೆಯಾಕೆ ಬೇಲಿಯಾಚೆಯಿಂದ ನಕ್ಕರೆ, "ಗುರುತಿಲ್ಲ ಪರಿಚಯವಿಲ್ಲ, ಅವಳ್ಯಾಕೆ ನಗ್ತಾಳೆ?" ಎಂದು ನನ್ನನ್ನೇ ಕೇಳಿದಿರಿ. ನಿಮ್ಮ ಮಗ ತಲೆ ಚಚ್ಚಿಕೊಂಡರು. ನಾನು ಮಾತ್ರ ಸುಮ್ಮನಿದ್ದೆ, ಏಕೆಂದರೆ ಅವಳು ಯಾಕೆ ನಗುತ್ತಾಳೆ ಎಂದು ನನಗೂ ಎರಡು ವರ್ಷದಿಂದ ಅನುಮಾನವಿತ್ತು. ಅನುಮಾನದ ವಿಷಯದಲ್ಲಿ ನೀವು ನನಗೆ ಅತ್ತೆಯಲ್ಲ, ಹೆತ್ತ ತಾಯಿ.

ನನ್ನ ಕೆಲಸ ಏನೆಂದು ನಿಮಗೆ ವಿವರಿಸಿದ ಸಂಜೆ ನೀವು ಹುರುಳಿಕಾಯಿಯ ನಾರು ತೆಗೆಯುತ್ತಿದ್ದಿರಿ. ಆಟಗಾರರ ಬಟ್ಟೆ ಹೊಲಿಸಿ ಮಾರುವ ಕಂಪನಿ, ಹೆಡ್ ಆಫೀಸ್ ಮೆಲ್ಬರ್ನ್‌ನಲ್ಲಿ, ಸಿಡ್ನಿಯ ಸಣ್ಣ ಬ್ರಾಂಚಿನಲ್ಲಿ ಡಿಸೈನ್ ಮಾಡುವವಳು ನಾನೊಬ್ಬಳೇ ಎಂದೆ. ನಮ್ಮ ಕಡೆಯ ಒಂದು ಬೇಸ್‌ಬಾಲ್ ಕ್ಲಬ್ಬಿಗೆ ಹೊಸ ಜರ್ಸಿ ಬೇಕಾಗಿತ್ತು. ತಮ್ಮ ಮೈದಾನದಲ್ಲಿ ಆಡುವಾಗ ತೊಡಲು ಬಿಳಿಯದು, ಹೊರಗೆ ಹೋದಾಗ ತೊಡಲು ಬೂದು ಬಣ್ಣದ್ದು, ಇವೆರಡೂ ಅವರ ಬಳಿ ಇದ್ದವು. ಮೂರನೆಯದು ವಿಶೇಷ ಪಂದ್ಯಗಳಿಗೆ. ನೋಡಿದ ಕೂಡಲೇ ಅದು ತಂಡ ಯಾವ ಊರಿನದೆಂದು ಹೇಳಬೇಕು. "ಅಂದ್ರೆ ಮನೇಲಿ ಉಡೋ ಸೀರೆ, ಪರಸ್ಥಳಕ್ಕೆ ಹೋಗೋ ಸೀರೆ, ಹಬ್ಬದ ಸೀರೆ" ಎಂದಿರಿ. ಅಷ್ಟು ಚೆನ್ನಾಗಿ ನಮ್ಮ ಆಫೀಸಿನಲ್ಲೂ ಯಾರೂ ಹೇಳಿರಲಿಲ್ಲ. ನಾನು ಹಿಗ್ಗುವಷ್ಟರಲ್ಲಿ "ಗಂಡಸರ ಅಂಗಿಗೆ ಚಿತ್ರ ಬರೆಯೋದಕ್ಕೆ ಇಷ್ಟು ದೂರ ಬರಬೇಕಿತ್ತಾ?" ಎಂದೂ ಸೇರಿಸಿದಿರಿ.

ನಿಮಗೆ ಹೇಳದೆ ಬಿಟ್ಟ ವಿಷಯ ಒಂದಿತ್ತು. ಈ ಜರ್ಸಿಗೆ ಮೆಲ್ಬರ್ನ್‌ನವರೂ ಒಂದು ಡಿಸೈನ್ ಮಾಡುತ್ತಿದ್ದರು. ನಮ್ಮ ಬ್ರಾಂಚಿನ ಮ್ಯಾನೇಜರ್ ರಾಸ್ ನನ್ನನ್ನು ಕರೆದು, ಕ್ಲಬ್ಬಿನವರು ಅವರದನ್ನೇ ಒಪ್ಪಿದರೆ ಇನ್ನು ಮೇಲೆ ಡಿಸೈನ್ ಕೆಲಸವೆಲ್ಲ ಅಲ್ಲಿಗೇ ಹೋಗುತ್ತದೆ ಎಂದಿದ್ದ. ಅಂದರೆ ನನ್ನ ಕುರ್ಚಿಯೂ ಹೋಗುತ್ತದೆ ಎಂದು ಅರ್ಥ. ಮೆಲ್ಬರ್ನ್‌ನ ಡಿಸೈನರ್ ಸಿಮೋನ್ ಎಂಬಾಕೆ "ನಿನ್ನ ಸ್ಕೆಚ್ ಕಳಿಸು, ಸುಮ್ಮನೆ ನೋಡ್ತೀನಿ" ಎಂದು ಈಮೇಲ್ ಬರೆದಳು. ಸುಮ್ಮನೆ ನೋಡುವವರು ಯಾರಿದ್ದಾರೆ ಅತ್ತೆ ಈ ಲೋಕದಲ್ಲಿ? ನಾನು ಹಳೆಯದೊಂದು ಸ್ಕೆಚ್ ಕಳಿಸಿದೆ.

ನಿಮ್ಮನ್ನು ಹಾರ್ಬರ್ ಬ್ರಿಡ್ಜ್ ನೋಡಲು ಕರೆದುಕೊಂಡು ಹೋದ ಭಾನುವಾರ, ರೈಲು ಬದಲಾಯಿಸಿ, ಮೆಟ್ಟಿಲು ಹತ್ತಿಳಿದು, ಕೊನೆಗೆ ಸೇತುವೆಯೆದುರು ನಿಂತಾಗ ನೀವು ಕೇಳಿದ್ದು ಒಂದೇ ಪ್ರಶ್ನೆ. "ನಿಮ್ಮನೆ ಕಿಟಕಿಯಿಂದ ಇದು ಕಾಣ್ಸುತ್ತಾ?" ಇಲ್ಲ ಎಂದೆ. "ಮತ್ತೆ ಇದು ನಿಮ್ಮೂರು ಹೆಂಗಾಗುತ್ತೆ?" ನನ್ನನ್ನು ಚುಚ್ಚಲೆಂದೇ ಕೇಳಿದಿರಿ ಎಂದುಕೊಂಡೆ. ಈಗಲೂ ಹಾಗೇ ಅನಿಸುತ್ತದೆ. ಆದರೆ ಮಾರನೆಯ ದಿನ ಅಡುಗೆಮನೆಯ ಕಿಟಕಿಯಲ್ಲಿ ನಿಂತು ನಿಜಕ್ಕೂ ನೋಡಿದೆ. ಇಟ್ಟಿಗೆಯ ಮನೆಗಳು, ಕೆಂಪು ಹೆಂಚುಗಳು, ಹಿತ್ತಿಲಲ್ಲಿ ಬಟ್ಟೆ ಒಣಹಾಕುವ ಕಂಬಗಳು, ರೈಲು ಹಳಿಯವರೆಗೂ ಅದೇ. ಜರ್ಸಿಗೆಂದು ನಾನು ಬರೆದಿಟ್ಟಿದ್ದ ಸೇತುವೆಯ ಚಿತ್ರಗಳನ್ನೆಲ್ಲ ಅಳಿಸಿದೆ. ಕೆನೆಬಣ್ಣದ ಜರ್ಸಿ, ಕತ್ತಿನಿಂದ ಎರಡೂ ಭುಜಗಳ ಮೇಲೆ ಇಳಿಯುವ ಹೆಂಚಿನ ಸಾಲು. ತೊಟ್ಟವನು ತನ್ನ ಸೂರನ್ನು ಹೊತ್ತುಕೊಂಡು ಓಡುವಂತಿರಬೇಕು ಎಂದು ನನ್ನ ಆಸೆ.

ಮೆಲ್ಬರ್ನ್‌ಗೆ ಹೊರಡುವ ಹಿಂದಿನ ದಿನ, ಹೊಲಿದು ಬಂದ ಸ್ಯಾಂಪಲ್ ಜರ್ಸಿಯನ್ನು ಮನೆಗೆ ತಂದೆ. ನಮ್ಮ ಕ್ಲಬ್ಬು ಅಲ್ಲಿಯ ತಂಡದ ಮೇಲೆ ಆಡಲು ಹೋಗಿತ್ತು. ಆ ನೆಪದಲ್ಲಿ ಕ್ಲಬ್ಬಿನ ಸೆಕ್ರೆಟರಿ ಜೋ ಎರಡೂ ಡಿಸೈನುಗಳನ್ನು ಹೆಡ್ ಆಫೀಸಿನಲ್ಲೇ ನೋಡಿ ತೀರ್ಮಾನಿಸುವುದೆಂದು ಆಗಿತ್ತು. ಊಟಕ್ಕೆ ಕೂತಾಗ ನೀವು ಕೇಳಿದಿರಿ, "ಇದು ಆಗದೇ ಹೋದ್ರೆ ಕೆಲಸ ಬಿಡ್ತೀಯಾ? ಮನೇಲಿರ್ತೀಯಾ?" ಯಾರು ಹೇಳಿದರು ನಿಮಗೆ? ನಿಮ್ಮ ಮಗ ತಟ್ಟೆಯಿಂದ ತಲೆ ಎತ್ತಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವರೇ ಮೊದಲು "ನಾನೇನೂ ಹೇಳಿಲ್ಲ" ಎಂದರು. ನೀವು ಮತ್ತೆ ಕೇಳಿದಿರಿ, "ಪ್ಲೇನು ಎಷ್ಟು ಹೊತ್ತಿಗೆ?"

ಬೆಳಿಗ್ಗೆ ನಾನು ಸ್ನಾನಕ್ಕೆ ಹೋದಾಗ ಬ್ಯಾಗು ಬಾಗಿಲ ಬಳಿ ಇತ್ತು. ಬಂದು ನೋಡಿದಾಗಲೂ ಅಲ್ಲೇ ಇತ್ತು, ಜಿಪ್ಪು ಹಾಕಿಯೇ ಇತ್ತು. ನೀವು ದೇವರ ಮುಂದೆ ಕೂತಿದ್ದಿರಿ, ಕಣ್ಣು ಮುಚ್ಚಿಕೊಂಡು. ಅಷ್ಟು ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡಿದ್ದನ್ನು ನೋಡಿಯೇ ನನಗೆ ಏನೋ ಅನಿಸಬೇಕಿತ್ತು.

ಹೆಡ್ ಆಫೀಸಿನ ಬಾತ್‌ರೂಮಿನಲ್ಲಿ ಸ್ಯಾಂಪಲ್ ಬಿಡಿಸಿ ಸುಕ್ಕು ತೆಗೆಯುತ್ತಿದ್ದೆ. ಕೆಳಗಿನ ಅಂಚಿನಲ್ಲಿ ಹಳದಿ ಕಲೆ, ಅದರ ನಡುವೆ ಕುಂಕುಮದ ಬೊಟ್ಟು! ಮೊದಲ ಕ್ಷಣ ಸಿಮೋನ್ ಮೇಲೇ ಅನುಮಾನ ಬಂತು ನೋಡಿ, ಪಾಪ ಅವಳಿಗೆ ಕುಂಕುಮ ಎಲ್ಲಿ ಸಿಗಬೇಕು. ಪಾಲಿಯೆಸ್ಟರ್ ಬಟ್ಟೆಗೆ ಬಣ್ಣ ಸುಲಭಕ್ಕೆ ಹಿಡಿಯುವುದಿಲ್ಲ ಎನ್ನುತ್ತಾರೆ. ನಿಮ್ಮ ಅರಿಶಿನ ಹಿಡಿದಿತ್ತು. ಸೋಪು ತಾಗಿದರೆ ಅರಿಶಿನ ಇನ್ನೂ ಕೆಂಪಗಾಗುತ್ತದೆ ಎಂದು ಯಾವ ಹೆಣ್ಣುಮಗಳಿಗೆ ಗೊತ್ತಿಲ್ಲ? ನೀರೂ ಮುಟ್ಟಿಸಲಿಲ್ಲ. ಅಲ್ಲಿಂದಲೇ ಮನೆಗೆ ಫೋನ್ ಮಾಡಿದೆ.

"ಅತ್ತೆ, ಜರ್ಸಿಗೆ ಅರಿಶಿನ ಹಚ್ಚಿದ್ದೀರಾ?"

"ಹೂಂ. ಹೊಸ ಬಟ್ಟೆ ಹಂಗೇ ಬರಿದು ಕಳಿಸ್ತಾರಾ ಮನೆಯಿಂದ?"

"ಅದು ನಮ್ಮನೆಯವರ ಬಟ್ಟೆ ಅಲ್ಲ ಅತ್ತೆ. ಬೇರೆ ಯಾರೋ ಹಾಕ್ಕೊಳ್ಳೋದು."

"ಮಾಡಿದ್ದು ನೀನಲ್ವಾ?"

"ನನ್ನ ಕೆಲಸ ಹೋಗುತ್ತೆ, ಗೊತ್ತಾ ನಿಮಗೆ?"

 ನೀವು "ಹೋದ್ರೆ ಹೋಗ್ಲಿ ಬಿಡು, ಮನೆಗೆ ಬಾ" ಎಂದಿರಿ. ಅದನ್ನು ಸಮಾಧಾನ ಎಂದುಕೊಳ್ಳಲೇ, ಒಪ್ಪಿಗೆ ಎಂದುಕೊಳ್ಳಲೇ?

ಮೇಜಿನ ಮೇಲೆ ಎರಡೂ ಜರ್ಸಿಗಳನ್ನು ಹಾಸಿದಾಗ ನಾನು ಅಂಚನ್ನು ಮಡಚಿ ಇಟ್ಟಿದ್ದೆ. ಸಿಮೋನ್ ಮಾಡಿದ್ದರಲ್ಲಿ ಸೇತುವೆ ಇತ್ತು, ಬಲು ಚಂದವಾಗಿಯೇ ಇತ್ತು. ಜೋ ನನ್ನದರ ಹೆಂಚುಗಳ ಮೇಲೆ ಕೈಯಾಡಿಸಿದ. ಆಮೇಲೆ ಮಡಿಕೆ ಬಿಚ್ಚಿದ. ಎಲ್ಲರೂ ಬಗ್ಗಿ ನೋಡಿದರು. ಸುಳ್ಳು ಹೇಳಬಹುದಿತ್ತು, ಅದೂ ಡಿಸೈನೇ ಎನ್ನಬಹುದಿತ್ತು. ಯಾಕೋ ನಿಮ್ಮ ಮೇಲಿನ ಸಿಟ್ಟಿನಲ್ಲೇ ನಿಜ ಹೇಳಿಬಿಟ್ಟೆ. "ನಮ್ಮತ್ತೆ ಮಾಡಿದ್ದು. ಹೊಸ ಬಟ್ಟೆಗೆ ಅರಿಶಿನ ಮುಟ್ಟಿಸದೆ ಅವರು ಯಾರಿಗೂ ಕೊಡೋದಿಲ್ಲ" ಎಂದೆ.  ಜೋ ತನ್ನ ಅಂಗಿಯ ಮೇಲಿನ ಗುಂಡಿ ಬಿಚ್ಚಿ ಕಾಲರಿನ ಒಳಭಾಗ ತೋರಿಸಿದ. ಪಿನ್ನಿನಲ್ಲಿ ಸಿಕ್ಕಿಸಿದ ಸಣ್ಣ ಪದಕ, ಮೇಲೆ ಯಾರೋ ಸಂತರ ಮುಖ. ಮಾಲ್ಟಾದಿಂದ ಬಂದ ಅವನ ತಾಯಿಗೆ ಎಂಬತ್ತು ದಾಟಿದೆಯಂತೆ, ಮಗನ ಅಂಗಿಗಳಿಗೆಲ್ಲ ಈಗಲೂ ಪಿನ್ನು ಚುಚ್ಚುತ್ತಾಳಂತೆ. "ನಮ್ಮ ಹುಡುಗರ ಮನೆಗಳಲ್ಲಿ ಹೀಗೆ ಏನಾದರೊಂದು ಮಾಡದ ಹೆಂಗಸೇ ಇಲ್ಲ. ಇದನ್ನ ತೆಗೀಬೇಡ, ಎಲ್ಲದಕ್ಕೂ ಹಾಕು" ಎಂದ. ನನಗೆ ಅವನ ಮೇಲೂ ಅನುಮಾನವೇ. ತಮಾಷೆ ಮಾಡುತ್ತಿದ್ದಾನೆಯೇ ಎಂದು ಮುಖ ನೋಡಿದೆ. ಇಲ್ಲ, ಅವನ ಕಣ್ಣು ತೇವವಾಗಿತ್ತು.

ಸಂಜೆ ಮನೆಗೆ ಬಂದು "ಒಪ್ಪಿದರು" ಎಂದಷ್ಟೇ ಹೇಳಿದೆ. ನೀವು "ಗೊತ್ತಿತ್ತು" ಎಂದಿರಿ. ಹೇಗೆ ಗೊತ್ತಿತ್ತು? ಕೇಳಿದರೆ ಸಾರಿಗೆ ಉಪ್ಪು ನೋಡು ಎಂದು ಮಾತು ಮರೆಸಿದಿರಿ. ನಾನೂ ಬಿಗುಮಾನದಿಂದ ಉಳಿದದ್ದನ್ನು ಹೇಳಲಿಲ್ಲ. ಕೆಲವೇ ದಿನಗಳಲ್ಲಿ ವೀಸಾ ಮುಗಿದು ನೀವು ಊರಿಗೆ ಹೊರಟಿರಿ. ಜರ್ಸಿಗಳು ಸಿದ್ಧವಾಗಿ ಬರುವುದರೊಳಗೆ ಊರಿನಿಂದ ಆ ಫೋನ್ ಬಂತು.

ಹಾಗಾಗಿ ಇದು ನಿಮಗೆ ಗೊತ್ತಿಲ್ಲದ ಸಂಗತಿ. ಆ ಗುರುತನ್ನು ಪ್ರಿಂಟ್ ಮಾಡಲು ಸ್ಕ್ಯಾನ್ ಮಾಡಿ ಪರದೆಯ ಮೇಲೆ ದೊಡ್ಡದು ಮಾಡಿದಾಗ ಕುಂಕುಮದ ಬೊಟ್ಟಿನಲ್ಲಿ ನಿಮ್ಮ ಉಂಗುರದ ಬೆರಳಿನ ಗೆರೆಗಳು ಕಂಡವು. ಈಳಿಗೆಮಣೆ ಕೊಯ್ದ ಹಳೆಯ ಗಾಯ ಅಡ್ಡಗೆರೆಯಾಗಿ ಹಾದುಹೋಗಿತ್ತು. ಸಿಮೋನ್ ಫೋನಿನಲ್ಲಿ "ಗೆರೆಗಳನ್ನೆಲ್ಲ ಕ್ಲೀನ್ ಮಾಡಿಬಿಡೋಣ" ಎಂದಳು. ಒಂದು ಗೆರೆ ಮುಟ್ಟಿದರೂ ನೋಡು ಎಂದೆ. ಈಗ ಹೆಂಚಿನ ಭುಜದ ಹುಡುಗರು ಮೈದಾನದಲ್ಲಿ ಬಿದ್ದು ಜಾರಿ ಓಡುವಾಗ ಒಬ್ಬೊಬ್ಬರ ಸೊಂಟದ ಬಳಿಯೂ ನಿಮ್ಮ ಬೆರಳಿದೆ. ಮೊದಲ ಪಂದ್ಯ ಹೀನಾಯವಾಗಿ ಸೋತರು. ಅದಕ್ಕೆ ನಿಮ್ಮನ್ನು ದೂರುವುದಿಲ್ಲ, ಅವರಿಗೆ ಆಟ ಬರಲಿಲ್ಲ ಅಷ್ಟೇ.

ಆ ಗೆರೆಗಳನ್ನು ನಾನು ಬಹಳ ಹೊತ್ತು ನೋಡಿದ್ದೇನೆ ಅತ್ತೆ, ಸಾಕ್ಷಿ ಹುಡುಕುವವರ ಹಾಗೆ. ಕೆಡಿಸಬೇಕೆಂದಿದ್ದರೆ ಎದೆಯ ಮೇಲೇ ಬಳಿಯುತ್ತಿದ್ದಿರಿ, ಅಂಚು ಹುಡುಕುತ್ತಿರಲಿಲ್ಲ. ಬೊಟ್ಟು ಅಷ್ಟು ದುಂಡಗೆ, ಅಷ್ಟು ನಡುವೆ ಇರುತ್ತಿರಲಿಲ್ಲ. ಆದರೆ ದಿನವಿಡೀ ಆ ಮನೆಯಲ್ಲಿ ನೀವೊಬ್ಬರೇ. ನಾವಿಬ್ಬರೂ ಆಫೀಸಿಗೆ ಹೋದ ಮೇಲೆ ಮಾತಾಡಲು ಯಾರಿದ್ದರು, ಕಾರಣವಿಲ್ಲದೆ ನಗುವ ಪಕ್ಕದ ಮನೆಯವಳು ಬಿಟ್ಟು? ಸೊಸೆ ಗೆಲ್ಲಲಿ ಎಂದೂ, ಸೋತು ಮನೆಯಲ್ಲಿ ಜೊತೆಗಿರಲಿ ಎಂದೂ ಒಂದೇ ಬೆರಳಿನಲ್ಲಿ ಹಚ್ಚಿದಿರೇನೋ. ಹಾಗಿದ್ದರೆ ನನಗೆ ಬೇಸರವಿಲ್ಲ. ಬಾಯಿಬಿಟ್ಟು ಕೇಳಬಹುದಿತ್ತು, ಒಂದು ವಾರ ರಜೆ ಹಾಕುತ್ತಿದ್ದೆ. ನೀವು ಕೇಳುವವರಲ್ಲ, ನಾನು ಕೊಡುವವಳೋ ಅಲ್ಲವೋ ಎಂಬ ಅನುಮಾನ ನಿಮಗೂ ಇದ್ದಿರಬೇಕು.

ಹೋದ ವಾರ ಮತ್ತೆ ಮೆಲ್ಬರ್ನ್‌ಗೆ ಹೋಗಿದ್ದೆ. ಅಲ್ಲಿಯ ಕ್ಲಬ್ಬಿನವರಿಗೂ ಈಗ ಮೂರನೆಯ ಜರ್ಸಿ ಬೇಕಂತೆ, ಡಿಸೈನ್ ನಾನೇ ಮಾಡಬೇಕಂತೆ. ಅವರ ಊರಿನ ಟ್ರಾಮನ್ನೋ ಇನ್ನೊಂದನ್ನೋ ಹುಡುಕಿಕೊಡುತ್ತೇನೆ ಎಂದೆ. ಅದೆಲ್ಲ ಸರಿ, ಸಿಡ್ನಿಯವರ ಜರ್ಸಿಯ ಅಂಚಿನಲ್ಲಿರುವ ಆ ಗುರುತೂ ನಮಗೆ ಬೇಕು ಎಂದರು. ಅದು ಬೇಕಾದರೆ ಮನೆಯಲ್ಲಿ ಒಬ್ಬರು ಅತ್ತೆ ಇರಬೇಕು ಎಂದೆ. ಅವರ ಮ್ಯಾನೇಜರ್ ನಕ್ಕು, "ಹಾಗಾದರೆ ನಿಮ್ಮವರನ್ನೇ ಒಂದು ದಿನ ಕರೆದುಕೊಂಡು ಬನ್ನಿ" ಎಂದ. "ಅವರು ಬರೋದಿಲ್ಲ, ಅವರು ಯಾರನ್ನೂ ನಂಬೋದಿಲ್ಲ" ಎಂದೆ. ನೀವಿಲ್ಲ ಎಂದು ಹೇಳಲು ಬಾಯಿ ಬರಲಿಲ್ಲ ಅತ್ತೆ.

ನಿಮ್ಮ ಸೊಸೆ,
ಶೈಲಾ