ಗಣಿಯವನ ಉಸಿರು

ಡೆಲ್ಬರ್ಟ್,

ನಮ್ಮ ಮೊಮ್ಮಗಳು ತಬಿತಾಗೆ ಡಾಕ್ಟರೂ ಆಗಬೇಕು, ಸಂಶೋಧನೆಯೂ ಮಾಡಬೇಕು. ಆ ಕೋರ್ಸಿಗೆ ಅರ್ಜಿ ಹಾಕುವ ಮುಂಚೆ ಅನುಭವ ಬೇಕೆಂದು ಲ್ಯಾಬು ಸೇರಿದ್ದಾಳೆ. ನಿನ್ನ ಹಾಗೆ ಕಲ್ಲಿದ್ದಲ ಧೂಳು ಕುಡಿದ ಗಣಿಯವರ ಉಸಿರನ್ನು ರೆಕಾರ್ಡ್ ಮಾಡುವುದು ಅವಳ ಕೆಲಸ. ನೀನಿದ್ದಿದ್ದರೆ, ಅದಕ್ಕೂ ಸಂಬಳ ಕೊಡ್ತಾರಾ ಎನ್ನುತ್ತಿದ್ದೆ.

ಇವತ್ತು ನಾನು ಬೀನ್ಸಿನ ನಾರು ತೆಗೆಯುತ್ತಿದ್ದಾಗ, ಯಾರೋ ಗಣಿಯವನ ಉಸಿರಿನ ರೆಕಾರ್ಡಿಂಗನ್ನು ಫೋನಿನಲ್ಲಿ ಹಾಕಿ ನನ್ನ ಕಿವಿಗೆ ಹಿಡಿದಳು. ನೀನೇ ಪಕ್ಕದಲ್ಲಿ ಕೂತಂತಾಯಿತು.

"ಅಜ್ಜಂದೂ ಹೀಗೇ ಇತ್ತಾ ಅಜ್ಜಿ? ಈ ಕೆಲಸ ನಂಗ್ಯಾಕೆ ಬೇಕು ಅಂತ ಅರ್ಜೀಲಿ ಬರೀಬೇಕು."

"ಹೀಗೇ ಇತ್ತು. ಗೋಡೆಯಾಚೆಯಿಂದ ಕೇಳ್ತಿತ್ತು."

"ಗೋಡೆಯಾಚೆಯಿಂದಾನಾ?"

"ಆ ಸದ್ದಿಗೆ ನಿದ್ದೆ ಬರ್ತಿರ್ಲಿಲ್ಲ ಕಣೇ, ಅಡುಗೆಮನೇಲಿ ಮಲಗ್ತಿದ್ದೆ. ಬೇಕಾದ್ರೆ ಅದನ್ನೂ ಬರ್ಕೋ."

ಅವಳು ಬರೆದುಕೊಳ್ಳಲಿಲ್ಲ. ಆ ಗಣಿಯವನು ಇನ್ನೂ ಬದುಕಿದ್ದಾನಂತೆ. ಅವನ ಹೆಂಡತಿ ಎಲ್ಲಿ ಮಲಗುತ್ತಾಳೆಂದು ಕೇಳಬೇಕೆನಿಸಿತು, ಕೇಳಲಿಲ್ಲ.

ಇನ್ನೊಂದು ಸಲ ಹಾಕು ಎಂದೆ.