ತಿಲಕನಿಗೆ ಹುಡುಕಿದ ಎದುರಾಳಿ

ಕಾಪು
೧೪–೧೧–೨೦೨೪, ಗುರುವಾರ

ಪ್ರೀತಿಯ ಗುಣಪಾಲಣ್ಣನಿಗೆ ತಂಗಿ ಗುಣವತಿಯ ನಮಸ್ಕಾರ.

ಹೇಗಿದ್ದಿ? ಸೊಂಟನೋವು ಇಳಿಯಿತಾ? ಬಹರೈನಿನಲ್ಲಿ ಈಗ ಸೆಕೆ ಕಡಿಮೆಯಂತೆ, ಆದರೂ ಏಸಿಯ ಕೆಳಗೇ ಮಲಗಬೇಡ. ರೋಸಿಬಾಯಿಯ ಮಗ ಲಿಡ್ವಿನ್ ನಾಳೆ ಅಲ್ಲಿಗೆ ಹೊರಡುತ್ತಾನೆ. ಅವನ ಕೈಯಲ್ಲಿ ಒಣ ಸಿಗಡಿ, ಮಾರಿಯಮ್ಮನ ಪ್ರಸಾದ, ಜೊತೆಗೆ ಈ ಕಾಗದ. ಫೋನಿನಲ್ಲಿ ನಾನು ಬಾಯಿ ತೆರೆಯುವ ಮೊದಲೇ ನೀನು "ನನ್ನ ಅಳಿಯ ಚಾಂಪಿಯನ್" ಎಂದು ಶುರು ಮಾಡುತ್ತಿ. ಕಾಗದಕ್ಕಾದರೆ ಅಡ್ಡ ಮಾತಾಡಲು ಆಗುವುದಿಲ್ಲ ಅಲ್ವಾ.

ನನ್ನ ಮಗ ತಿಲಕ ಒಮ್ಮೆಯೂ ಸೋತಿಲ್ಲ, ನಿಜ. ಯಾರ ಹತ್ತಿರ ಸೋಲಬೇಕು ಹೇಳು? ಬಾಕ್ಸಿಂಗಿಗೆ ಜೋಡಿ ಕೂಡಿಸುವ ಆ ಮಹಾಪುರುಷ ದೇವದಾಸ ಹುಡುಕಿ ತಂದವರನ್ನೆಲ್ಲ ನಾನು ಕಂಡಿದ್ದೇನೆ. ಕಾರ್ಕಳದ್ದೊಬ್ಬ, ಗಂಟೆ ಹೊಡೆದ ಕೂಡಲೇ ಮುಖ ಮುಚ್ಚಿಕೊಂಡು ಕುಳಿತವ. ಹೆಜಮಾಡಿಯದ್ದೊಬ್ಬ, ಬೋಟಿನಲ್ಲಿ ಬಿದ್ದು ಮೊಣಕಾಲು ಕೆಡಿಸಿಕೊಂಡವ. ಪಾಪ, ಕುಂಟುತ್ತಲೇ ಸೋಲಲು ಬಂದಿದ್ದ. ಇಂಥವರನ್ನು ಬಡಿದದ್ದಕ್ಕೆ ಆದಿ ಉಡುಪಿಯಲ್ಲಿ ಫ್ಲೆಕ್ಸ್! ಅದರಲ್ಲೂ ತಿಲಕನಿಗಿಂತ ದೇವದಾಸನ ಮುಖವೇ ದೊಡ್ಡದು.

ಹಾಗೆ ಗೆಲ್ಲಿಸಿ ಸಾಕಿದ್ದು ಎಂತಕ್ಕೆಂದು ಈಗ ಗೊತ್ತಾಯಿತು. ಬರುವ ತಿಂಗಳು ಮಣಿಪಾಲದಲ್ಲಿ ಬೆಲ್ಟಿನ ಪಂದ್ಯವಂತೆ, ಎದುರಿಗೆ ಹರಿಯಾಣದ ಚಾಂಪಿಯನ್. ಹೊಡೆದು ಬೀಳಿಸಿ ಹೆಸರು ಮಾಡಲು ಆ ಚಾಂಪಿಯನ್ನನಿಗೆ ಸೋಲದ ಹುಡುಗನೊಬ್ಬ ಬೇಕಿತ್ತು. ದೇವದಾಸ ನಮ್ಮವನನ್ನು ಕೊಟ್ಟ. ಹೆಜಮಾಡಿಯವ ನಿಂತ ಜಾಗದಲ್ಲಿ ಈಗ ತಿಲಕ. ಕೇಳಿದ್ದಕ್ಕೆ, "ರಿಸ್ಕ್ ಇಲ್ಲದೆ ಬೆಲ್ಟ್ ಬರುವುದುಂಟಾ ಗುಣವತಿಯಕ್ಕ?" ಎಂದು ಹಲ್ಲು ಕಿಸಿದ. ಹಾಗಾದರೆ ನಿನ್ನ ಮೂತಿಗೆ ಮೊದಲು ಒಂದು ಬೀಳಲಿ ಎಂದೆ. ಚಹಾ ಅರ್ಧಕ್ಕೇ ಬಿಟ್ಟು ಎದ್ದ.

ಅಪ್ಪ ಕೋಳಿ ಅಂಕಕ್ಕೆ ಹೋಗುವುದು ನನಗೆ ಸೇರುತ್ತಿರಲಿಲ್ಲ, ದೇವರು ಮೆಚ್ಚುವ ಕೆಲಸ ಅಲ್ಲ ಅದು. ಆದರೂ ಕಾಲಿಗೆ ಕತ್ತಿ ಕಟ್ಟುವ ಮೊದಲು ಎರಡೂ ಕೋಳಿಯನ್ನು ಎದುರೆದುರು ಹಿಡಿದು ನೋಡುತ್ತಿದ್ದರು. ಜೋಡಿ ಸರಿಬಾರದಿದ್ದರೆ ಅಪ್ಪ ತನ್ನದನ್ನು ಕಂಕುಳಲ್ಲಿಟ್ಟು ಮನೆಗೆ ಬರುತ್ತಿದ್ದರು. ಯಾರೂ ನಗುತ್ತಿರಲಿಲ್ಲ. ಕೋಳಿಗೆ ಇದ್ದ ಆ ಮರ್ಯಾದೆ ನಿನ್ನ ಅಳಿಯನಿಗೆ ಇಲ್ಲ. ನೀನು ಬೇರೆ ಟಿಕೆಟ್ ಮಾಡಿ ಹಾರ ಹಾಕಲು ಬರುತ್ತಿಯಂತೆ. ಭಾರೀ ಚಂದ.

ಅತ್ತಿಗೆಗೆ ನೆನಪು ಹೇಳು. ಮಾರಿಯಮ್ಮ ನಿಮ್ಮನ್ನು ಕಾಯಲಿ. ದೇವದಾಸನಿಗೆ ಬುದ್ಧಿ ಕೊಡುವುದು ಅವಳಿಗೂ ಕಷ್ಟ.

ನಿನ್ನ ತಂಗಿ,
ಗುಣವತಿ

ಲಿಡ್ವಿನ್ ಕಟ್ಟು ಕೊಂಡುಹೋಗಲು ಬಾಗಿಲಲ್ಲಿ ನಿಂತಿದ್ದಾನೆ. ಮೇಲೆ ಬರೆಯಲು ಕೈ ಬರಲಿಲ್ಲ. ಮೊನ್ನೆ ಮಂಗಳವಾರ ಪ್ರಸಾದವನ್ನು ತಿಲಕನ ಎಡಗಡೆಯಿಂದ ನೀಡಿದೆ, ಅವನಿಗೆ ಕಾಣಲೇ ಇಲ್ಲ. ಆ ಕಣ್ಣಿನ ಹತ್ತಿರ ಕೈ ಆಡಿಸಿದೆ, ರೆಪ್ಪೆ ಅಲುಗಲಿಲ್ಲ. "ದೇವದಾಸಣ್ಣನಿಗೆ ಗೊತ್ತುಂಟಮ್ಮ, ಮಾವನಿಗೆ ಮಾತ್ರ ಹೇಳಬೇಡ" ಎಂದ. ಈಗ ನಿನಗೆ ಹೇಳಿದ್ದೇನೆ. ನನ್ನ ಮಾತು ಅವನು ಕೇಳುವುದಿಲ್ಲ, ಮಾವನ ಮಾತು ಮೀರುವುದಿಲ್ಲ. ಹಾರ ಬೇಡ ಅಣ್ಣ. ಅವನನ್ನು ಮನೆಗೆ ಕರೆದುಕೊಂಡು ಬಾ.